ಎರಡು ಮಂಗಳೂರು, ಒಂದು ವಿಧಾನಸೌಧ

ಮಂಗಳೂರು ಎಂದೊಡನೆ ಎಲ್ಲರಿಗೂ ನೆನಪಾಗುವುದು ಕಡಲು, ಮೀನು, ಹೆಂಚು. ಕೊಪ್ಪಳ ಜಿಲ್ಲೆಯಲ್ಲೂ ಒಂದು ಮಂಗಳೂರು ಉಂಟೆಂಬುದು ಆ ಸೀಮೆಯವರನ್ನು ಬಿಟ್ಟರೆ ಹೆಚ್ಚು ಜನಕ್ಕೆ ತಿಳಿಯದು. ಇಲ್ಲಿ ಕಡಲಿಲ್ಲ, ಕಡಲೆ ಇದೆ. ಅದೂ ಮಳೆ ಮನಸ್ಸು ಮಾಡಿದ ವರ್ಷ ಮಾತ್ರ. ಈ ಊರಿನ ಹುಡುಗರು ಓದಲಿಕ್ಕೋ ದುಡಿಯಲಿಕ್ಕೋ ಬೆಂಗಳೂರಿಗೆ ಹೋಗಿ ‘ನಮ್ಮದು ಮಂಗಳೂರು’ ಎಂದರೆ, ಎದುರಿನವರು ಅವರ ಮಾತಿನ ಧಾಟಿ ಕೇಳಿ ‘ಯಾವ ಮಂಗಳೂರು?’ ಎನ್ನುತ್ತಾರೆ. ‘ಕುಕನೂರಿನ ಹತ್ತಿರದ್ದು’ ಎಂದರೆ ‘ಕುಕನೂರು ಎಲ್ಲಿದೆ?’ ಎಂಬುದು ಮುಂದಿನ ಪ್ರಶ್ನೆ. ಯಲಬುರ್ಗಾ, ಕೊಪ್ಪಳ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿ, ಕೊನೆಗೆ ‘ಹಂಪಿ ಇದೆಯಲ್ಲ, ಅದರ ಆಚೆ’ ಎಂದಾಗ ಕೇಳಿದವರಿಗೆ ಸಮಾಧಾನ.

2024ರ ನವೆಂಬರಿನಲ್ಲಿ, ರಾಜ್ಯೋತ್ಸವದ ಅಂಗವಾಗಿ, ಆ ಭಾಗದ ಕಾಲೇಜೊಂದರಲ್ಲಿ ಚರ್ಚಾಸ್ಪರ್ಧೆ ಏರ್ಪಾಟಾಗಿತ್ತು. ವಿಷಯ: ‘ಕಲ್ಯಾಣ ಕರ್ನಾಟಕಕ್ಕೆ ತನ್ನದೇ ಆದ ಶಾಸನಸಭೆ ಬೇಕು.’ ಈ ಮಂಗಳೂರಿನ ಹುಡುಗಿಯೊಬ್ಬಳು ಹೆಸರು ಕೊಟ್ಟಳು. ಪಿಯುಸಿ ಎರಡನೇ ವರ್ಷ, ವಿಜ್ಞಾನ ವಿಭಾಗ. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರು. ಅವಳಿಗೆ ಬಂದ ಚೀಟಿಯಲ್ಲಿ ‘ವಿರೋಧ’ ಎಂದಿತ್ತು.

ಸಂಜೆ ಮನೆಯಲ್ಲಿ ಈ ಸುದ್ದಿ ಹೇಳಿದಾಗ ಅಪ್ಪನಿಗೆ ಸರಿಬರಲಿಲ್ಲ.

‘ಅಲ್ಲವಾ, ನಮಗ ಬ್ಯಾಡ ಅಂತ ನೀನ ನಿಂತು ಮಾತಾಡ್ತಿ? ಊರಾಗ ಯಾರರ ಕೇಳಿದ್ರ ಏನಂದಾರು?’

‘ನಾ ಆರಿಸ್ಕೊಂಡಿಲ್ಲಪ್ಪಾ. ಚೀಟಿ ಹಂಗ ಬಂತು.’

‘ಚೀಟಿ ಬಂದಂಗ ಮಾತಾಡಾಕ ಬರತೈತೇನು? ಮೊದಲ ನಂದು ಕೇಳು.’

ಅಪ್ಪ ಹೇಳಿದ್ದನ್ನು ತಳ್ಳಿಹಾಕುವುದು ಸುಲಭವಲ್ಲ. ವಿಧಾನಸಭೆಯಲ್ಲಿ ಒಟ್ಟು 224 ಸ್ಥಾನ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳೂ ಜಿಲ್ಲೆ ಕೂಡಿ 41. ಕೊಪ್ಪಳ ಜಿಲ್ಲೆಯದು ಐದು. ನಲವತ್ತೊಂದು ಮಂದಿ ಒಂದೇ ದನಿಯಲ್ಲಿ ಕೂಗಿದರೂ ಉಳಿದ 183 ಮಂದಿ ಸುಮ್ಮನಿದ್ದರೆ ಆಯಿತು, ಕೂಗು ಅಲ್ಲೇ ನಿಂತಿತು. ಶಾಲೆಗೆ ಗಣಿತದ ಮೇಷ್ಟ್ರು ಬೇಕೆಂದರೂ ಕಡತ ಬೆಂಗಳೂರಿಗೆ ಹೋಗಿ ಬರಬೇಕು. ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಕಟ್ಟಿದರು, 2012ರ ಅಕ್ಟೋಬರಿನಲ್ಲಿ ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ಬಂದು ಉದ್ಘಾಟಿಸಿದರು. ಆದರೆ ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಕೆಲವು ದಿನ ಬೀಗ ತೆಗೆದರೆ ಅದು ರಾಜಧಾನಿಯಾದೀತೆ? ‘ಜಾತ್ರಿಗೆ ಬಂದ ಬೀಗರು ಮನಿ ನಡಸ್ತಾರೇನು?’ ಎಂದು ಅಪ್ಪ ಕೇಳಿದರು. ಕೊನೆಗೆ ತೆಲಂಗಾಣದ ಮಾತು ತೆಗೆದರು. ನಿಜಾಮನ ಕೈಕೆಳಗೆ ಒಟ್ಟಿಗೇ ಇದ್ದವರು ಅವರು. 2014ರ ಜೂನ್ 2ರಂದು ಅವರಿಗೆ ಅವರದೇ ರಾಜ್ಯ ಸಿಕ್ಕಿತು. ಇವರಿಗೇನು ಸಿಕ್ಕಿತು?

ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಇಷ್ಟೂ ಹೊತ್ತು ಸುಮ್ಮನಿದ್ದರು. ಅವರ ಆಯುಷ್ಯವನ್ನು ಹಿಂದಕ್ಕೆ ಬಿಚ್ಚಿದರೆ ಅದೇ ಒಂದು ಚರಿತ್ರೆಯ ಪಾಠ. ಹುಟ್ಟಿದ್ದು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ. ಪಕ್ಕದ ಕೊಪ್ಪಳ ಆಗ ಸಾಲಾರ್‌ಜಂಗ್ ಮನೆತನದ ಜಹಗೀರು. ದೇಶಕ್ಕೆಲ್ಲ 1947ರ ಆಗಸ್ಟ್‌ನಲ್ಲಿ ಬಂದ ಸ್ವಾತಂತ್ರ್ಯ ಈ ಕಡೆಗೆ ಬಂದದ್ದು 1948ರ ಸೆಪ್ಟೆಂಬರ್ 17ರಂದು. ರಜಾಕಾರರ ಕಾಟಕ್ಕೆ ಹೆದರಿ ಜನ ಗಡಿ ದಾಟಿ ಗದಗ, ಮುಂಡರಗಿ ಕಡೆಗೆ ಹೋಗುತ್ತಿದ್ದ ದಿನಗಳವು. ಅಳವಂಡಿ ಶಿವಮೂರ್ತಿಸ್ವಾಮಿಯವರ ಮುಂಡರಗಿ ಶಿಬಿರದ ಹೆಸರನ್ನು ಅಜ್ಜ ಈಗಲೂ ಕೈಮುಗಿದೇ ಹೇಳುತ್ತಾರೆ. ಆಮೇಲೆ ಅವರು ಹೈದರಾಬಾದ್ ರಾಜ್ಯದ ಪ್ರಜೆ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯದವರು, 1973ರಿಂದ ಕರ್ನಾಟಕದವರು. ಜಿಲ್ಲೆ ಮೊದಲು ರಾಯಚೂರು, 1997ರಿಂದ ಕೊಪ್ಪಳ. ತಾಲ್ಲೂಕು ಮೊದಲು ಯಲಬುರ್ಗಾ, ಈಗ ಕುಕನೂರು. ಪ್ರದೇಶದ ಹೆಸರು ಹೈದರಾಬಾದ್ ಕರ್ನಾಟಕ ಎಂದಿದ್ದದ್ದು 2019ರ ಸೆಪ್ಟೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕವಾಯಿತು. ಇಷ್ಟೆಲ್ಲ ಬದಲಾದರೂ ಅಜ್ಜ ಕೂತ ಕಟ್ಟೆ ಮಾತ್ರ ಅದೇ.

‘ನಾ ಸಣ್ಣಾವಿದ್ದಾಗ ಸರಕಾರ ಹೈದರಾಬಾದಿನ್ಯಾಗ ಇತ್ತು. ಆಮ್ಯಾಲ ಬೆಂಗಳೂರಿಗೆ ಹೋತು. ಇಲ್ಲಿಗಂತೂ ಬರಲಿಲ್ಲ’ ಎಂದಷ್ಟೇ ಹೇಳಿ ಅವರು ಎಲೆಅಡಿಕೆ ಚೀಲಕ್ಕೆ ಕೈಹಾಕಿದರು.

ಹುಡುಗಿ ಗೊಂದಲಕ್ಕೆ ಬಿದ್ದಳು. ಮರುದಿನ ಕಾಲೇಜಿನ ರಾಜ್ಯಶಾಸ್ತ್ರದ ಉಪನ್ಯಾಸಕರಲ್ಲಿ ಹೋಗಿ, ‘ಸರ್, ಅಪ್ಪ ಹೇಳಿದ್ದೇ ಸರಿ ಅನಸ್ತದ. ನಾ ಏನ್ ಮಾತಾಡ್ಲಿ?’ ಎಂದು ಕೇಳಿದಳು. ಅವರು ನಕ್ಕು, ‘ನೀನು ಮೊದಲು ಇಂಗ್ಲೆಂಡಿಗೆ ಹೋಗಿ ಬಾ’ ಎಂದರು. ಅವರು ಹೇಳಿದ್ದು ಪಾಲಕರೂ ಮಕ್ಕಳೂ ಕೂಡಿ ಯೋಚಿಸಬೇಕಾದ ಸಂಗತಿ.

ಪಾರ್ಲಿಮೆಂಟುಗಳ ತವರು ಇಂಗ್ಲೆಂಡು ಎಂದು ಮಕ್ಕಳು ಓದುತ್ತಾರೆ. ಆದರೆ ಇಂಗ್ಲೆಂಡಿಗೆ ತನ್ನದೇ ಆದ ಪಾರ್ಲಿಮೆಂಟು ಇಲ್ಲ. ಲಂಡನ್ನಿನಲ್ಲಿ ಇರುವುದು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಈ ನಾಲ್ಕೂ ಸೇರಿದ ಬ್ರಿಟನ್ನಿನ ಪಾರ್ಲಿಮೆಂಟು. 1998-99ರಲ್ಲಿ ಉಳಿದ ಮೂರಕ್ಕೂ ಅವರವರ ಸಭೆಗಳಾದವು. ಸ್ಕಾಟ್ಲೆಂಡಿನ ಶಾಲೆ, ಆಸ್ಪತ್ರೆಗಳ ವಿಚಾರವನ್ನು ಎಡಿನ್‌ಬರೋ ನಗರದ ಸಭೆ ನಿರ್ಧರಿಸುತ್ತದೆ. ಇಂಗ್ಲೆಂಡಿನ ಶಾಲೆ, ಆಸ್ಪತ್ರೆಗಳ ವಿಚಾರವನ್ನು ಮಾತ್ರ ನಾಲ್ಕೂ ಕಡೆಯ ಸದಸ್ಯರು ಕೂಡಿ ನಿರ್ಧರಿಸುತ್ತಾರೆ. ಕೂಡುಕುಟುಂಬದಲ್ಲಿ ತಮ್ಮಂದಿರಿಗೆಲ್ಲ ಬೇರೆ ಬೇರೆ ಕೋಣೆ ಕೊಟ್ಟು, ಹಿರಿಯಣ್ಣ ಪಡಸಾಲೆಯಲ್ಲಿ ಮಲಗಿದ ಹಾಗೆ. ಪಡಸಾಲೆ ದೊಡ್ಡದು, ನಿಜ. ಆದರೆ ಅಲ್ಲಿ ಎಲ್ಲರೂ ಓಡಾಡುತ್ತಾರೆ.

ಇದರಲ್ಲಿ ಅನ್ಯಾಯವೇನು ಎಂಬುದಕ್ಕೆ ವಿದ್ಯಾರ್ಥಿಗಳಿಗೆ ತಟ್ಟುವಂಥ ಒಂದು ಪ್ರಸಂಗವಿದೆ. 2004ರ ಜನವರಿಯಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಶುಲ್ಕವನ್ನು ವರ್ಷಕ್ಕೆ ಮೂರು ಸಾವಿರ ಪೌಂಡಿನವರೆಗೆ ಏರಿಸಲು ಅವಕಾಶ ಕೊಡುವ ಮಸೂದೆ ಮತಕ್ಕೆ ಬಂತು. ಪರವಾಗಿ 316, ವಿರೋಧವಾಗಿ 311. ಬರೇ ಐದು ಮತಗಳ ಅಂತರ. ಆ ಐದನ್ನು ತುಂಬಿಕೊಟ್ಟವರು ಸ್ಕಾಟ್ಲೆಂಡಿನ ಸದಸ್ಯರು. ಅವರ ಮತದಾರರ ಮಕ್ಕಳಿಗೆ ಆ ಶುಲ್ಕ ತಾಗುವಂತಿರಲಿಲ್ಲ. ಹಣ ಕಟ್ಟಬೇಕಾದ ಇಂಗ್ಲೆಂಡಿನ ತಂದೆತಾಯಂದಿರು ಆ ಸದಸ್ಯರನ್ನು ಮುಂದಿನ ಚುನಾವಣೆಯಲ್ಲಿ ಸೋಲಿಸುವಂತೆಯೂ ಇರಲಿಲ್ಲ. ಹೀಗಾದೀತೆಂದು 1977ರಷ್ಟು ಹಿಂದೆಯೇ ಟ್ಯಾಮ್ ಡಾಲ್ಯೆಲ್ ಎಂಬ ಸದಸ್ಯರು ಎಚ್ಚರಿಸಿದ್ದರು. ಅವರು ಸ್ವತಃ ಸ್ಕಾಟ್ಲೆಂಡಿನ ವೆಸ್ಟ್ ಲೋಥಿಯನ್ ಕ್ಷೇತ್ರದವರು. ಅದಕ್ಕೇ ಇದಕ್ಕೆ ‘ವೆಸ್ಟ್ ಲೋಥಿಯನ್ ಪ್ರಶ್ನೆ’ ಎಂದು ಹೆಸರು ಬಿತ್ತು. ಇಂಗ್ಲೆಂಡಿಗೆ ಮಾತ್ರ ಅನ್ವಯಿಸುವ ಮಸೂದೆಗೆ ಅಲ್ಲಿನ ಸದಸ್ಯರ ಪ್ರತ್ಯೇಕ ಒಪ್ಪಿಗೆ ಬೇಕೆಂಬ ನಿಯಮವನ್ನು 2015ರಲ್ಲಿ ತಂದರು. ಆರು ವರ್ಷ ನೋಡಿ, 2021ರಲ್ಲಿ ಅದನ್ನೂ ಕೈಬಿಟ್ಟರು.

ಹಾಗಾದರೆ ಇಂಗ್ಲೆಂಡಿಗೂ ಒಂದು ಸಭೆ ಮಾಡಿಬಿಟ್ಟರಾಯಿತಲ್ಲ? ಅಲ್ಲೇ ತೊಡಕು. 2024ರ ಚುನಾವಣೆಯ ಲೆಕ್ಕದಲ್ಲಿ ಅಲ್ಲಿನ 650 ಸ್ಥಾನಗಳಲ್ಲಿ 543 ಇಂಗ್ಲೆಂಡಿನವೇ. (ದೆಹಲಿಯ ಲೋಕಸಭೆಯ ಸದಸ್ಯರೂ 543, ಇದು ಕೇವಲ ಕಾಕತಾಳೀಯ.) ನೂರಕ್ಕೆ ಎಂಬತ್ತಮೂರು ಪಾಲು ಇರುವವನಿಗೆ ಬೇರೊಂದು ಸಭೆ ಕೊಟ್ಟರೆ ಮೂಲ ಸಭೆಗೆ ಉಳಿಯುವ ಕೆಲಸವೇನು? ಬೇಡ, ಇಂಗ್ಲೆಂಡನ್ನೇ ತುಂಡು ತುಂಡು ಮಾಡಿ ಪ್ರಾಂತಕ್ಕೊಂದು ಸಭೆ ಕೊಡೋಣವೆಂದು 2004ರ ನವೆಂಬರಿನಲ್ಲಿ ಈಶಾನ್ಯ ಇಂಗ್ಲೆಂಡಿನ ಜನರನ್ನು ಕೇಳಿದರು. ನೂರಕ್ಕೆ 78 ಮಂದಿ ಬೇಡವೆಂದರು. ಕೊಡಲು ಹೊರಟ ಸಭೆಗೆ ಅಧಿಕಾರ ಕಡಮೆಯಿತ್ತು. ಇನ್ನಷ್ಟು ರಾಜಕಾರಣಿಗಳು, ಇನ್ನಷ್ಟು ಖರ್ಚು ಎಂಬುದಷ್ಟೇ ಜನರ ಕಣ್ಣಿಗೆ ಕಂಡಿತು.

ಹುಡುಗಿ ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಳು. ಬಸ್ಸಿನಲ್ಲಿ ಕೂತು ಯೋಚಿಸುವಾಗ ಅವಳಿಗೆ ವೆಸ್ಟ್ ಲೋಥಿಯನ್ನಿನ ಜಾಗದಲ್ಲಿ ಯಲಬುರ್ಗಾ ಕಾಣಿಸಿತು. ಕಲ್ಯಾಣ ಕರ್ನಾಟಕಕ್ಕೆ ಕಲಬುರಗಿಯಲ್ಲಿ ಒಂದು ಸಭೆ ಆಯಿತೆನ್ನಿ. ಇಲ್ಲಿನ ಶಾಲೆಗಳ ವಿಚಾರ ಅಲ್ಲೇ ತೀರ್ಮಾನವಾಗುತ್ತದೆ. ಆಗ ಬೆಂಗಳೂರಿನಲ್ಲಿ ಮಂಡ್ಯದ ಶಾಲೆಗಳ ಮಸೂದೆ ಬಂದರೆ ಯಲಬುರ್ಗಾದ ಶಾಸಕರು ಅಲ್ಲಿ ಕೈ ಎತ್ತಬಹುದೆ? ಎತ್ತಬಹುದು ಎಂದರೆ ಮಂಡ್ಯದವರು ಸುಮ್ಮನಿರುವುದಿಲ್ಲ. ಎತ್ತಬಾರದು ಎಂದರೆ ಇವರು ಅರೆ ಶಾಸಕರಾಗುತ್ತಾರೆ. ಅರೆ ಶಾಸಕರಲ್ಲಿ ಒಬ್ಬರನ್ನು ರಾಜ್ಯದ ಶಿಕ್ಷಣ ಮಂತ್ರಿಯಾಗಲಿಕ್ಕೋ ಮುಖ್ಯಮಂತ್ರಿಯಾಗಲಿಕ್ಕೋ ಯಾರು ಬಿಡುತ್ತಾರೆ? ಬೀದರಿನ ಧರ್ಮಸಿಂಗ್ — ಅಲ್ಲ, ಜೇವರ್ಗಿಯಿಂದ ಗೆದ್ದ ಧರ್ಮಸಿಂಗ್ — 2004ರಲ್ಲಿ ಇಡೀ ಕರ್ನಾಟಕದ ಮುಖ್ಯಮಂತ್ರಿಯಾದದ್ದು ಈ ಭಾಗದವರಿಗೆ ಹೆಮ್ಮೆಯ ಸಂಗತಿ. ಆ ಬಾಗಿಲು ಮುಚ್ಚಿಕೊಂಡೀತು.

ರಾಜ್ಯದ ಒಳಗೆ ಇನ್ನೊಂದು ಶಾಸನಸಭೆ ಎಂಬುದು ನಮ್ಮ ದೇಶದಲ್ಲಿ ಒಮ್ಮೆ ನಡೆದ ಪ್ರಯೋಗವೇ. ಸಂವಿಧಾನಕ್ಕೆ 1969ರಲ್ಲಿ ತಿದ್ದುಪಡಿ ತಂದು, 1970ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಒಳಗೇ ಮೇಘಾಲಯವೆಂಬ ಸ್ವಾಯತ್ತ ರಾಜ್ಯ ಮಾಡಿದರು. ಅದಕ್ಕೆ ಸ್ವಂತ ಸಭೆಯಿತ್ತು. ಎರಡು ವರ್ಷ ತುಂಬುವ ಮೊದಲೇ, 1972ರ ಜನವರಿಯಲ್ಲಿ, ಅದು ಪೂರ್ತಿ ಬೇರೆ ರಾಜ್ಯವಾಯಿತು. ಒಲೆ ಬೇರೆಯಾದ ಮೇಲೆ ಗೋಡೆ ಏಳುವುದು ಹೆಚ್ಚು ದಿನ ತಡೆಯುವುದಿಲ್ಲ. ಹಾಗಾಗಿ ‘ಸಭೆ ಬೇಕು’ ಎನ್ನುವವರು ‘ರಾಜ್ಯವೇ ಬೇಕು’ ಎನ್ನಲು ಮನಸ್ಸು ಮಾಡಿದ್ದಾರೆಯೇ ಎಂದು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕು.

ಇನ್ನು ಆ ಸಭೆ ಎಲ್ಲಿ ಕೂರಬೇಕು? ಕೊಪ್ಪಳದವರ ಪಾಡು ಈಗಲೇ ಒಂದು ತಮಾಷೆ. ಹೈಕೋರ್ಟಿನ ಕೆಲಸವಿದ್ದರೆ ಧಾರವಾಡ ಪೀಠ. ಪ್ರದೇಶಾಭಿವೃದ್ಧಿ ಮಂಡಳಿ ಕಲಬುರಗಿಯಲ್ಲಿ. ಚಳಿಗಾಲದ ಅಧಿವೇಶನ ಬೆಳಗಾವಿಯಲ್ಲಿ. ದೊಡ್ಡ ಆಸ್ಪತ್ರೆಗೆ ಹುಬ್ಬಳ್ಳಿ. ಉಳಿದದ್ದಕ್ಕೆಲ್ಲ ಬೆಂಗಳೂರು. ಹೊಸ ಸಭೆ ಕಲಬುರಗಿಯಲ್ಲಿ ಕೂತರೆ ಮಂಗಳೂರಿನ ರೈತನಿಗೆ ಅದೇನು ಅಂಗಳದ ದೂರವೆ? ಏಳು ಜಿಲ್ಲೆಗಳು ಒಂದೇ ತಾಯಿಯ ಮಕ್ಕಳೂ ಅಲ್ಲ. ಬಳ್ಳಾರಿ ನಿಜಾಮನ ಕೈಕೆಳಗೆ ಇರಲಿಲ್ಲ, ಮದ್ರಾಸ್ ಪ್ರಾಂತದಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿತು. ಕೊಪ್ಪಳ ಜಿಲ್ಲೆಯ ಒಳಗೇ ನೋಡಿದರೂ ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಕುಷ್ಟಗಿ, ಯಲಬುರ್ಗಾದವರು ಮುಗಿಲು ನೋಡುತ್ತಲೇ ಉಳಿದರು. ನಲವತ್ತೊಂದು ಮಂದಿಯ ಸಭೆಯಲ್ಲೂ ಯಲಬುರ್ಗಾದ ದನಿ ಒಂದೇ.

ಇಷ್ಟು ಹೊತ್ತಿಗೆ ಹುಡುಗಿಗೆ ಮಾತು ಕೂಡಿಬಂದಿತ್ತು. ಆದರೂ ಅವಳಿಗೆ ಒಂದು ಸಂಗತಿ ಚುಚ್ಚುತ್ತಿತ್ತು. ಆ ವರ್ಷದ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿ. 2024ರಲ್ಲಿ ಉಡುಪಿ ಜಿಲ್ಲೆ ಶೇ 94 ಪಡೆದು ಮೊದಲು ಬಂತು. ದಕ್ಷಿಣ ಕನ್ನಡ, ಅಂದರೆ ಆ ಇನ್ನೊಂದು ಮಂಗಳೂರಿನ ಜಿಲ್ಲೆ, ಶೇ 92.12 ಪಡೆದು ಎರಡನೆಯದು. ಕಟ್ಟಕಡೆಯದು ಯಾದಗಿರಿ, ಶೇ 50.59. ಎರಡೂ ಕಡೆಯ ಮಕ್ಕಳದು ಒಂದೇ ಪಠ್ಯಪುಸ್ತಕ, ಒಂದೇ ಪ್ರಶ್ನೆಪತ್ರಿಕೆ, ಒಂದೇ ಶಿಕ್ಷಣ ಇಲಾಖೆ, ಒಂದೇ ವಿಧಾನಸೌಧ. ಕಡಲ ಮಂಗಳೂರಿಗೂ ಬೆಂಗಳೂರು ಹತ್ತಿರವೇನಲ್ಲ, ನಡುವೆ ಘಟ್ಟವೇ ಅಡ್ಡ ಇದೆ. ಅವರಿಗೂ ಸ್ವಂತ ಶಾಸನಸಭೆ ಇಲ್ಲ. ಹಾಗಿದ್ದರೆ ಈ ಅಂತರ ಎಲ್ಲಿಂದ ಬಂತು?

ವಿಜ್ಞಾನದಲ್ಲಿ ಎರಡು ಪಾತ್ರೆಗಳಿಗೆ ಒಂದೇ ಸಮ ಬೆಂಕಿ ಕೊಟ್ಟರೂ ಒಂದು ಬೇಗ ಕುದಿದರೆ, ಒಲೆಯನ್ನು ಬೈಯುವ ಮೊದಲು ಒಳಗಿನ ನೀರು ಎಷ್ಟು ಬಿಸಿಯಿತ್ತು ಎಂದು ನೋಡಬೇಕು. ಕಡಲ ಮಂಗಳೂರಿಗೆ ಬಾಸೆಲ್ ಮಿಷನ್ ಬಂದದ್ದು 1834ರಲ್ಲಿ. ಶಾಲೆ, ಅಚ್ಚುಕೂಟಗಳು ಅದರ ಹಿಂದೆಯೇ ಬಂದವು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿತು. ಈ ಕಡೆ ಕಚೇರಿಯ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ತೆರೆದಾಗ ಅಲ್ಲಿನ ಪಾಠವೂ ಉರ್ದುವಿನಲ್ಲೇ. ಉರ್ದು ಎಷ್ಟು ಚೆಂದದ ಭಾಷೆಯಾದರೂ, ಮನೆಯಲ್ಲಿ ಕನ್ನಡ ಆಡುವ ಒಕ್ಕಲಿಗನ ಮಗನಿಗೆ ಅದು ದಾಟಬೇಕಾದ ಇನ್ನೊಂದು ಹೊಳೆ. ಅಜ್ಜನ ಪೆಟ್ಟಿಗೆಯಲ್ಲಿ ಈಗಲೂ ಹೊಲದ ಹಳೆಯ ಕಾಗದವೊಂದಿದೆ. ತಮ್ಮದೇ ಹೊಲದ ಚಕ್ಕುಬಂದಿಯನ್ನು ಆ ಮನೆಯ ಮೂರು ತಲೆಮಾರಿನಲ್ಲಿ ಒಬ್ಬರೂ ಓದಲಾರರು.

1956ರಲ್ಲಿ ಒಂದಾದಾಗ ಎರಡೂ ಪಾತ್ರೆ ಒಂದೇ ಒಲೆಯ ಮೇಲೆ ಬಂದವು. ಬೆಂಕಿ ಸಮವಾಗಿತ್ತೆ ಎಂಬುದೂ ಅನುಮಾನವೇ. ಅಳೆದು ಹೇಳಲು ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ಬರಬೇಕಾಯಿತು. 2002ರಲ್ಲಿ ಅದು ವರದಿ ಕೊಟ್ಟಿತು. ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದು, ಪ್ರತಿ ತಾಲ್ಲೂಕಿಗೆ ಒಂದು ಸೂಚ್ಯಂಕ ಕೊಟ್ಟರು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಬಂತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ ಮೂವತ್ತೊಂಬತ್ತರಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದವು. ಯಲಬುರ್ಗಾ, ಕುಷ್ಟಗಿ ಎರಡೂ ಆ ಪಟ್ಟಿಯಲ್ಲಿದ್ದವು. ಥರ್ಮಾಮೀಟರು ಜ್ವರ ಇಳಿಸುವುದಿಲ್ಲ, ಒಪ್ಪಬೇಕಾದ ಮಾತೇ. ಆದರೆ ಅಳತೆ ಬಂದ ಮೇಲೆ ‘ನಿಮ್ಮದು ಬರೀ ಗೊಣಗಾಟ’ ಎಂದು ಯಾರೂ ಹೇಳುವಂತಿರಲಿಲ್ಲ.

ಔಷಧ ಬಂದದ್ದು ಹತ್ತು ವರ್ಷದ ಮೇಲೆ. ವೈಜನಾಥ ಪಾಟೀಲರಂಥವರು ಬೀದಿಯಲ್ಲಿ ಹೋರಾಡಿದರು, ಮಲ್ಲಿಕಾರ್ಜುನ ಖರ್ಗೆಯವರಂಥವರು ದೆಹಲಿಯಲ್ಲಿ ಪಟ್ಟುಹಿಡಿದರು. 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿಯನ್ನು ಒಪ್ಪಿತು. 371ನೇ ವಿಧಿಗೆ ‘ಜೆ’ ಎಂಬ ಅಕ್ಷರ ಅಂಟಿತು. ಆ ಒಂದಕ್ಷರದ ಬಲವೆಷ್ಟೆಂದು ಪಿಯುಸಿ ಓದುವ ಮಕ್ಕಳಿರುವ ಮನೆಯವರನ್ನು ಕೇಳಬೇಕು. ಈ ಭಾಗದ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಶೇ 70 ಸೀಟು ಇಲ್ಲಿನ ಮಕ್ಕಳಿಗೆ. ರಾಜ್ಯದ ಉಳಿದ ಕಡೆ ಶೇ 8. ಸರ್ಕಾರಿ ನೌಕರಿಯಲ್ಲೂ ಪಾಲು. 2015ರಲ್ಲಿ ಕೊಪ್ಪಳದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ತೆರೆದದ್ದೂ ಸೇರಿ, ಹೊಲದ ಬದುವಿನಿಂದ ಎದ್ದು ಬಂದ ಮಕ್ಕಳು ಸ್ಟೆತಾಸ್ಕೋಪು ಹಿಡಿಯುವ ಕಾಲ ಬಂತು. ಇದಕ್ಕೆ ಹೊಸ ಶಾಸನಸಭೆ ಬೇಕಾಗಲಿಲ್ಲ. ಆ 543 ಮಂದಿಯ ಲೋಕಸಭೆ ಕೊಟ್ಟ ಹಕ್ಕು ಇದು; ಬೆಂಗಳೂರಿನಲ್ಲಿ ಯಾರೇ ಗದ್ದುಗೆ ಏರಲಿ, ಸುಲಭಕ್ಕೆ ಅಳಿಸಲು ಬಾರದು.

ಆದರೆ ಹಕ್ಕಿಗೂ ಕಾಗದ ಬೇಕು. ಅದೇ ನವೆಂಬರಿನಲ್ಲಿ ಅಪ್ಪ ಮಗಳ 371(ಜೆ) ಪ್ರಮಾಣಪತ್ರಕ್ಕಾಗಿ ಓಡಾಡುತ್ತಿದ್ದರು. ಕಾಗದ ಮುಂದಿನ ಬೇಸಿಗೆಯ ಸಿಇಟಿಗೆ ಮೊದಲು ಕೈಯಲ್ಲಿರಬೇಕು. ಒಂದು ಕಚೇರಿಯಲ್ಲಿ ಶಾಲೆಯ ದಾಖಲೆಯಲ್ಲಿ ಊರಿನ ಹೆಸರು ಬರೀ ‘ಮಂಗಳೂರು’ ಎಂದಿದೆ, ಇದು ಯಾವ ಜಿಲ್ಲೆಯದೆಂದು ಕೇಳಿ ವಾಪಸು ಕಳಿಸಿದರಂತೆ. ಅಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ‘ಮೀನ ತಿನ್ನೋ ಮಂಗಳೂರ ಅಲ್ಲರಿ ಸಾಹೇಬ್ರ, ರೊಟ್ಟಿ ತಿನ್ನೋ ಮಂಗಳೂರ’ ಎಂದು ಹೇಳಿ ಬಂದರು.

371(ಜೆ) ಅಡಿಯಲ್ಲಿ 2013ರಲ್ಲಿ ಒಂದು ಪ್ರದೇಶಾಭಿವೃದ್ಧಿ ಮಂಡಳಿಯೂ ಆಯಿತು. 2022-23ಕ್ಕೆ ಅದಕ್ಕೆ 3,000 ಕೋಟಿ ರೂಪಾಯಿ ಘೋಷಿಸಿದರು, ಮರುವರ್ಷ 5,000 ಕೋಟಿ. ಸಣ್ಣ ಮೊತ್ತವಲ್ಲ. ಇಲ್ಲಿ ಅಪ್ಪನ ವಾದಕ್ಕೆ ಜೀವ ಬರುತ್ತದೆ. ಆ ಹಣ ಯಾವ ಊರಿನ ಶಾಲೆಗೆ, ಯಾವ ರಸ್ತೆಗೆ ಎಂದು ನಿರ್ಧರಿಸುವ ಮಂಡಳಿಯ ಅಧ್ಯಕ್ಷರನ್ನು ಆರಿಸುವುದು ಸರ್ಕಾರ, ಮತದಾರ ಅಲ್ಲ. ಹಣ ಸರಿಯಾಗಿ ಖರ್ಚಾಗದಿದ್ದರೆ ಮಂಗಳೂರಿನ ಮನುಷ್ಯ ಯಾರನ್ನು ಸೋಲಿಸಬೇಕು? ಆ ಶುಲ್ಕದ ಮಸೂದೆಯಲ್ಲಿ ಇಂಗ್ಲೆಂಡಿನ ತಂದೆತಾಯಂದಿರು ಕೇಳಿದ್ದೂ ಇದನ್ನೇ. ದುಡ್ಡು ಯಾರದು, ಕೈ ಯಾರದು, ಆ ಕೈಯನ್ನು ಹಿಡಿದು ಕೇಳುವ ಹಕ್ಕು ಯಾರಿಗಿದೆ?

ಹಾಗೆ ಕೇಳಬಹುದಾದ ಸಭೆಯೊಂದು ಕೊಪ್ಪಳದಲ್ಲೇ ಇದೆ ಎಂಬುದು ಹುಡುಗಿಗೆ ಹೊಳೆದದ್ದು ಸ್ಪರ್ಧೆಯ ಹಿಂದಿನ ರಾತ್ರಿ. ಅದರ ಹೆಸರು ಜಿಲ್ಲಾ ಪಂಚಾಯಿತಿ.

ಈ ಕತೆ ಹಳೆಯ ಓದುಗರಿಗೆ ಗೊತ್ತು, ಮಕ್ಕಳಿಗೆ ಗೊತ್ತಿರಲಾರದು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್‌ಸಾಬ್ ಎಂಬ ಮಂತ್ರಿಗಳಿದ್ದರು. ಹಳ್ಳಿಹಳ್ಳಿಗೆ ಕೊಳವೆಬಾವಿ ಹಾಕಿಸಿ ‘ನೀರ್‌ಸಾಬ್’ ಎನ್ನಿಸಿಕೊಂಡವರು. ಅವರು ತಂದ 1983ರ ಕಾಯಿದೆಯಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯಮಂತ್ರಿಯ ದರ್ಜೆ. ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯೊಬ್ಬರು ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ. ಹಳ್ಳಿಯ ಶಾಲೆ, ಆಸ್ಪತ್ರೆ, ಕುಡಿಯುವ ನೀರು ಎಲ್ಲ ಅವರ ಸುಪರ್ದಿಗೆ. ಮೇಷ್ಟ್ರು ಶಾಲೆಗೆ ಬರದಿದ್ದರೆ ಕೇಳುವವರು ಬಸ್ಸಿನ ದಾರಿಯಲ್ಲೇ ಸಿಗುತ್ತಿದ್ದರು. ದೇಶವೇ ಆಗ ಕರ್ನಾಟಕದತ್ತ ತಿರುಗಿ ನೋಡಿತು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು ಪಂಚಾಯಿತಿಗೆ ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯವಾಯಿತು.

ಕಡ್ಡಾಯ ಎಂಬ ಮಾತಿಗೆ ಮುಂದೆ ಏನಾಯಿತೆಂದು ನೋಡಿ. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ವರ್ಷಗಳು ಉರುಳಿದವು. ಸದಸ್ಯರಿಲ್ಲದ ಸಭಾಂಗಣದಲ್ಲಿ ಅಧಿಕಾರಿಗಳೇ ಆಡಳಿತ ನಡೆಸಿದರು. ಬೆಂಗಳೂರಿನಿಂದ ಅಧಿಕಾರ ತರಬೇಕೆಂದು ಬೀದಿಗಿಳಿಯುವ ನಾಯಕರಲ್ಲಿ ಎಷ್ಟು ಮಂದಿ ಈ ಖಾಲಿ ಕುರ್ಚಿಗಳ ಬಗ್ಗೆ ಒಂದು ಮಾತಾಡಿದರು? ಶಾಸಕರಿಗೆ, ಅವರು ಕಲ್ಯಾಣದವರಿರಲಿ ಮೈಸೂರಿನವರಿರಲಿ, ಜಿಲ್ಲಾ ಪಂಚಾಯಿತಿ ಬಲವಾಗುವುದು ಅಷ್ಟೇನೂ ಇಷ್ಟವಿಲ್ಲ ಎಂದು ಹಳ್ಳಿಯ ಚಹಾದಂಗಡಿಯಲ್ಲೂ ಹೇಳುತ್ತಾರೆ. ಅದು ಸುಳ್ಳೆನ್ನುವುದು ಕಷ್ಟ.

ಸ್ಪರ್ಧೆಯ ದಿನ ಹುಡುಗಿ ಎರಡು ಮಂಗಳೂರಿನಿಂದಲೇ ಮಾತು ಶುರು ಮಾಡಿದಳು. ಸಭಿಕರು ನಕ್ಕರು. ಇಂಗ್ಲೆಂಡಿನ ಲೆಕ್ಕ ಹೇಳುವಾಗ 311 ಎನ್ನುವಲ್ಲಿ 211 ಎಂದು ತಪ್ಪಿ, ಮತ್ತೆ ತಿದ್ದಿಕೊಂಡಳು. ಮಂಡ್ಯದ ಶಾಲೆಗೆ ಯಲಬುರ್ಗಾದ ಶಾಸಕರು ಕೈ ಎತ್ತುವ ಪ್ರಶ್ನೆಗೆ ಚಪ್ಪಾಳೆ ಬಿತ್ತು. ಆಮೇಲೆ ತೀರ್ಪುಗಾರರಲ್ಲಿ ಒಬ್ಬರು ಪ್ರಶ್ನೆ ಕೇಳಿದರು: ‘ಆಯ್ತಮ್ಮ, ಹೊಸ ಸಭೆ ಬೇಡ, ಇರುವ ಜಿಲ್ಲಾ ಪಂಚಾಯಿತಿ ಸಾಕು ಅಂತೀಯ. ನಿಮ್ಮ ಊರಿನ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು, ಹೇಳು?’

‘ಯಾರೂ ಇಲ್ಲರಿ ಸರ್. ಅವಧಿ ಮುಗಿದು ಮೂರು ವರ್ಷ ಆತು.’

‘ಮತ್ತೆ ಇಲ್ಲದ ಸಭೆಯನ್ನು ನಂಬಿ ವಾದ ಮಾಡಿದೆಯಲ್ಲ?’

ಹುಡುಗಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಒಂದು ಕ್ಷಣ ಬಿಟ್ಟು, ‘ಅದಕ್ಕ ಸರ್, ಇದ್ದದ್ದನ್ನ ಖಾಲಿ ಬಿಟ್ಟವರು ಹೊಸಾದನ್ನ ತುಂಬತಾರ ಅಂತ ಹೆಂಗ ನಂಬೂದು?’ ಎಂದಳು. ಗಂಟೆ ಬಾರಿಸಿತು.

ಪರವಾಗಿ ಮಾತಾಡಿದ ಗಂಗಾವತಿ ಕಡೆಯ ಹುಡುಗನಿಗೆ ಮೊದಲ ಬಹುಮಾನ ಬಂತು, ಇವಳಿಗೆ ಎರಡನೆಯದು. ಸಂಜೆ ಮನೆಗೆ ಬಂದಾಗ ಅಪ್ಪ ಆಗತಾನೆ ಕಚೇರಿಯಿಂದ ಬಂದು ಕಾಲು ತೊಳೆಯುತ್ತಿದ್ದರು. ಮೂರನೇ ಸಲ ಹೋದಾಗ ಪ್ರಮಾಣಪತ್ರ ಸಿಕ್ಕಿತ್ತು.

‘ಯಾರು ಗೆದ್ರವಾ?’

‘ನಿಮ್ಮ ಕಡೇದವ್ರು ಗೆದ್ರಪ್ಪಾ.’

ಅಪ್ಪನ ಮುಖ ಅರಳಿತು. ಮರುಕ್ಷಣ ಮಗಳು ಸೋತದ್ದು ನೆನಪಾಗಿ ಅರಳಿದ ಮುಖವನ್ನು ಎಲ್ಲಿಡಬೇಕೋ ತಿಳಿಯದೆ ಟವೆಲ್ಲಿನಿಂದ ಒರೆಸಿಕೊಂಡರು. ತೀರ್ಪುಗಾರರು ಕೇಳಿದ ಪ್ರಶ್ನೆಯನ್ನು ಅವಳು ಹೇಳಿದಾಗ, ‘ನಮ್ಮ ಮೆಂಬರ್ರಾ? ನಮ್ಮ ಮೆಂಬರ್ರು…’ ಎಂದು ಶುರು ಮಾಡಿ, ಹೆಸರು ಬಾಯಿಗೆ ಬಂದರೂ ಅಲ್ಲೇ ನಿಂತರು. ಅವರು ಮೆಂಬರಾಗಿದ್ದದ್ದು ಕೊರೊನಾ ವರ್ಷದವರೆಗೆ.

ಕಟ್ಟೆಯ ಮೇಲಿಂದ ಅಜ್ಜ ಕೇಳಿದರು: ‘ಆ ಓಟು ಮತ್ತ ಯಾವಾಗಂತ?’

ಅಪ್ಪ ಮಗಳ ಮುಖ ನೋಡಿದರು. ಮಗಳು ನೋಟ್‌ಬುಕ್ಕನ್ನು ತಿರುವಿ ನೋಡಿದಳು. ಅದರಲ್ಲಿ ಇಂಗ್ಲೆಂಡಿನ ಎಲ್ಲ ದಿನಾಂಕಗಳೂ ಇದ್ದವು.